ಸದನದ ಕ್ಯಾಮೆರಾ ಸ್ಪೀಕರ್ ಕೈಯಲ್ಲೇ ಏಕಿರಬೇಕು?

2023ರ ಜನವರಿ ಮೊದಲ ವಾರ ಅಮೆರಿಕದ ಪ್ರತಿನಿಧಿ ಸಭೆ ಸ್ಪೀಕರ್ ಇಲ್ಲದೆ ಕೂತಿತ್ತು. ಬಹುಮತ ರಿಪಬ್ಲಿಕನ್ನರದ್ದೇ. ಆದರೆ ಸ್ವಪಕ್ಷದ ಬಂಡಾಯಗಾರರೇ ಕೆವಿನ್ ಮೆಕಾರ್ಥಿ ಅವರ ಕಾಲೆಳೆಯುತ್ತಿದ್ದರು. ನೂರು ವರ್ಷಗಳಲ್ಲಿ ಮೊದಲ ಬಾರಿಗೆ ಸ್ಪೀಕರ್ ಆಯ್ಕೆ ಒಂದೇ ಸುತ್ತಿಗೆ ಮುಗಿಯದೆ 15ನೇ ಸುತ್ತಿನವರೆಗೆ ಎಳೆದಾಡಿತು. ಆ ದಿನಗಳಲ್ಲಿ ಸದನದ ಕಲಾಪ ತೋರಿಸುವ ಸಿ-ಸ್ಪ್ಯಾನ್ ವಾಹಿನಿ ಹಾಕಿಕೊಂಡು ಕೂತವರಿಗೆ ಕಂಡದ್ದು ಬೇರೆಯೇ ಸದನ. ಬಂಡಾಯದ ಮುಂದಾಳು ಮ್ಯಾಟ್ ಗೇಟ್ಸ್, ಎದುರು ಪಾಳಯದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್ ಜತೆ ಮಾತಿಗೆ ನಿಂತಿದ್ದರು. ತಮ್ಮ ಬದುಕಿನ ಬಗ್ಗೆ ಕಟ್ಟಿದ್ದ ಸುಳ್ಳುಗಳು ಆಗಷ್ಟೇ ಬಯಲಾಗಿದ್ದ ಜಾರ್ಜ್ ಸ್ಯಾಂಟೋಸ್ ಒಬ್ಬಂಟಿಯಾಗಿ ಕೂತಿದ್ದರು. ಕೊನೆಯ ರಾತ್ರಿ ಮೈಕ್ ರೋಜರ್ಸ್ ಗೇಟ್ಸ್ ಮೇಲೆ ಏರಿಹೋದಾಗ ಸಹಸದಸ್ಯರೊಬ್ಬರು ಹಿಂದಿನಿಂದ ರೋಜರ್ಸ್ ಬಾಯಿಗೇ ಕೈಹಾಕಿ ಎಳೆದರು. ಅಷ್ಟೂ ನೇರ ಪ್ರಸಾರವಾಯಿತು.

ಯಾರೂ ಉದಾರಬುದ್ಧಿಯಿಂದ ಇದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಹೊಸ ಸದನದ ಮೊದಲ ದಿನ, ಅಧ್ಯಕ್ಷರ ವಾರ್ಷಿಕ ಭಾಷಣದಂಥ ವಿಶೇಷ ಸಂದರ್ಭಗಳಲ್ಲಿ ಮಾತ್ರ ಸುದ್ದಿವಾಹಿನಿಯ ಕ್ಯಾಮೆರಾಗಳಿಗೆ ಒಳಗೆ ಪ್ರವೇಶ. ಸ್ಪೀಕರ್ ಆಯ್ಕೆಯಾಗದೆ ಆ 'ಮೊದಲ ದಿನ' ಮುಗಿಯಲೇ ಇಲ್ಲ. ಮೆಕಾರ್ಥಿ ಗೆದ್ದರು, ನಿಯಮಗಳು ಜಾರಿಗೆ ಬಂದವು, ಸಿ-ಸ್ಪ್ಯಾನ್ ಕ್ಯಾಮೆರಾಗಳು ಹೊರಗೆ ಬಂದವು.

ಸಿ-ಸ್ಪ್ಯಾನ್ ಬಗ್ಗೆ ಬಹಳ ಜನರಿಗಿರುವ ತಪ್ಪು ತಿಳಿವಳಿಕೆ ಇಲ್ಲೇ ಇದೆ. ಬ್ರಯಾನ್ ಲ್ಯಾಂಬ್ ಕಟ್ಟಿದ ಈ ವಾಹಿನಿಗೆ ಸರ್ಕಾರದ ದುಡ್ಡು ಬರುವುದಿಲ್ಲ. ಕೇಬಲ್ ಮತ್ತು ಉಪಗ್ರಹ ಕಂಪನಿಗಳು ಪ್ರತಿ ಚಂದಾದಾರರ ಲೆಕ್ಕದಲ್ಲಿ ಕೊಡುವ ಕೆಲವೇ ಸೆಂಟ್‌ಗಳಿಂದ ನಡೆದುಬಂದಿದೆ. ಹಾಗಾಗಿ ತೆರೆಯ ಮೂಲೆಯಲ್ಲಿ ಅದರ ಲಾಂಛನ ಕಂಡರೆ, ಚಿತ್ರವೂ ಅದರದ್ದೇ ಎಂದು ನೋಡುಗರು ನಂಬುತ್ತಾರೆ. ಆದರೆ 1979ರ ಮಾರ್ಚ್ 19ರಂದು, ಟೆನೆಸ್ಸಿಯ ಯುವ ಸದಸ್ಯ ಅಲ್ ಗೋರ್ ಪ್ರಸಾರವಾದ ಮೊದಲ ಭಾಷಣ ಮಾಡಿದ ದಿನದಿಂದಲೂ, ಸದನದೊಳಗಿನ ಕ್ಯಾಮೆರಾ ಸದನದ್ದು; ಅದನ್ನು ನಡೆಸುವವರು ಸದನದ ನೌಕರರು; ಅವರ ಮೇಲಿನ ಹಿಡಿತ ಸ್ಪೀಕರ್ ಅವರದ್ದು. 1986ರ ಜೂನ್‌ನಲ್ಲಿ ಪ್ರಸಾರಕ್ಕೆ ತೆರೆದುಕೊಂಡ ಸೆನೆಟ್ಟೂ ಕ್ಯಾಮೆರಾವನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿತು. ಮಾತಾಡುವವರ ಮುಖ, ಸ್ಪೀಕರ್ ಪೀಠ, ಮತದಾನದ ವೇಳೆ ದೂರದ ನೋಟ: ಸಾಮಾನ್ಯ ದಿನಗಳಲ್ಲಿ ತೋರಿಸುವುದು ಇಷ್ಟೇ.

ಈ ಹಿಡಿತ ಬಿಡಲು ಎರಡೂ ಪಕ್ಷಗಳಿಗೆ ಮನಸ್ಸಿಲ್ಲ. ಲ್ಯಾಂಬ್ 2006ರ ಕೊನೆಯಲ್ಲಿ ಸಿ-ಸ್ಪ್ಯಾನ್ ಕ್ಯಾಮೆರಾಗಳನ್ನು ಒಳಗೆ ಬಿಡುವಂತೆ ಡೆಮಾಕ್ರಟಿಕ್ ನಾಯಕಿ ನ್ಯಾನ್ಸಿ ಪೆಲೋಸಿ ಅವರನ್ನು ಕೇಳಿಕೊಂಡರು. ಸದನದ ಘನತೆಯ ಹೆಸರಲ್ಲಿ ನಿರಾಕರಣೆ ಬಂತು. ಮುಂದೆ ರಿಪಬ್ಲಿಕನ್ ಜಾನ್ ಬೇನರ್ ಸ್ಪೀಕರ್ ಆದಾಗ ಅವರೂ ಒಲ್ಲೆ ಎಂದರು. ಹಿಡಿತ ಬಳಸುವುದರಲ್ಲೂ ಇಬ್ಬರೂ ಒಂದೇ. 2008ರ ಆಗಸ್ಟ್‌ನಲ್ಲಿ ಪೆಲೋಸಿ ಅವಧಿಯಲ್ಲಿ ಸದನ ಮುಂದೂಡಿದ ಮೇಲೂ ರಿಪಬ್ಲಿಕನ್ನರು ಪೆಟ್ರೋಲ್ ಬೆಲೆಯ ಬಗ್ಗೆ ಮಾತು ಮುಂದುವರಿಸಿದರು. ದೀಪ ಆರಿತು, ಕ್ಯಾಮೆರಾ ನಿಂತಿತು. 2016ರ ಜೂನ್‌ನಲ್ಲಿ ಸರದಿ ಡೆಮಾಕ್ರಟರದ್ದು. ಬಂದೂಕು ನಿಯಂತ್ರಣ ಮಸೂದೆಗೆ ಮತದಾನ ಬೇಕೆಂದು ಜಾನ್ ಲೂಯಿಸ್ ನೇತೃತ್ವದಲ್ಲಿ ಅವರು ನೆಲದ ಮೇಲೆ ಧರಣಿ ಕೂತರು. ಪಾಲ್ ರಯಾನ್ ಸ್ಪೀಕರ್ ಆಗಿದ್ದ ಸದನಕ್ಕೆ ವಿರಾಮ ಘೋಷಣೆಯಾಗಿದ್ದರಿಂದ ಕ್ಯಾಮೆರಾ ಬಂದ್. ಸದಸ್ಯರು ಮೊಬೈಲ್ ಎತ್ತಿ ಪೆರಿಸ್ಕೋಪ್, ಫೇಸ್‌ಬುಕ್ ಮೂಲಕ ನೇರ ಪ್ರಸಾರಕ್ಕಿಳಿದರು. ಸಿ-ಸ್ಪ್ಯಾನ್ ಆ ಅಲುಗಾಡುವ ಚಿತ್ರಗಳನ್ನೇ ದೇಶಕ್ಕೆ ತೋರಿಸಿತು. ಮುಂದಿನ ಜನವರಿಯಲ್ಲಿ ಸದನ ಮಾಡಿದ್ದೇನು? ಒಳಗೆ ವಿಡಿಯೊ ತೆಗೆದ ಸದಸ್ಯರಿಗೆ ಮೊದಲ ಸಲ 500 ಡಾಲರ್, ಆಮೇಲಿನ ಪ್ರತಿ ಸಲಕ್ಕೆ 2,500 ಡಾಲರ್ ದಂಡ ಗೊತ್ತುಮಾಡಿತು.

ಹೊರಗಿನ ಕ್ಯಾಮೆರಾ ಒಳಗೆ ಬಿಟ್ಟರೆ ನಾಟಕ ಹೆಚ್ಚುತ್ತದೆ ಎನ್ನುವುದು ವಿರೋಧಿಗಳ ಗಟ್ಟಿ ವಾದ. ಅದರಲ್ಲಿ ಹುರುಳಿಲ್ಲದಿಲ್ಲ, ಕ್ಯಾಮೆರಾಕ್ಕಾಗಿಯೇ ಕೂಗಾಡುವವರು ಅಲ್ಲಿ ಬೇಕಾದಷ್ಟಿದ್ದಾರೆ. ಆದರೆ ಈ ನಾಟಕ ಬೆಳೆದದ್ದು ಯಾವ ಕ್ಯಾಮೆರಾದ ಮುಂದೆ ಎಂದು ನೋಡಬೇಕು. 1980ರ ದಶಕದ ಆರಂಭದಲ್ಲಿ ರಿಪಬ್ಲಿಕನ್ ಸದಸ್ಯ ನ್ಯೂಟ್ ಗಿಂಗ್ರಿಚ್ ಮತ್ತು ಸಂಗಡಿಗರು ದಿನದ ಕಲಾಪ ಮುಗಿದ ಮೇಲೆ ಸಿಗುವ ಅವಧಿಯಲ್ಲಿ ಡೆಮಾಕ್ರಟರ ಮೇಲೆ ಹರಿಹಾಯುತ್ತಿದ್ದರು. ಉತ್ತರ ಕೊಡಲು ಎದುರಾಳಿಗಳಿಗೆ ಬಾಯಿಯೇ ಇಲ್ಲವೇನೋ ಎಂದು ಮನೆಯಲ್ಲಿ ಕೂತವರಿಗೆ ಅನ್ನಿಸುತ್ತಿತ್ತು. ಅಸಲಿಗೆ ಎದುರಿಗಿದ್ದದ್ದು ಖಾಲಿ ಕುರ್ಚಿಗಳು! ಮುಖ ಬಿಟ್ಟು ಅಲ್ಲಾಡದ ಕ್ಯಾಮೆರಾ ಆ ಖಾಲಿತನವನ್ನು ಮುಚ್ಚಿಟ್ಟಿತ್ತು. 1984ರ ಮೇ ತಿಂಗಳಲ್ಲಿ ಸ್ಪೀಕರ್ ಟಿಪ್ ಒನೀಲ್, ಹೇಳದೆ ಕೇಳದೆ, ಸದನವನ್ನೆಲ್ಲ ತೋರಿಸುವಂತೆ ಆದೇಶಿಸಿದಾಗ ಬಣ್ಣ ಬಯಲಾಯಿತು. ರಿಪಬ್ಲಿಕನ್ನರು ಕೆರಳಿದರು. ಮಾತಿನ ಚಕಮಕಿಯಲ್ಲಿ ಒನೀಲ್ ಗಿಂಗ್ರಿಚ್ ಬಗ್ಗೆ ಆಡಿದ ಮಾತೇ ನಿಯಮಬಾಹಿರವೆಂಬ ರೂಲಿಂಗ್ ಬಂತು. ಒನೀಲ್ ಮಾಡಿದ್ದು ಸೇಡಿನ ಕೆಲಸವೇ, ಆದರೆ ತೆರೆಯ ಮೇಲೆ ಕಂಡದ್ದು ನಿಜ. ಆ ನಿಜ ತೋರಿಸಬೇಕೋ ಬೇಡವೋ ಎಂಬುದು ಒಬ್ಬ ಸ್ಪೀಕರ್ ಸಿಟ್ಟನ್ನು ಅವಲಂಬಿಸಿದ್ದೇ ಅಸಲು ಸಮಸ್ಯೆ.

ಸದಸ್ಯರ ಖಾಸಗಿ ಮಾತು, ಮೊಬೈಲ್ ತೆರೆ ಕ್ಯಾಮೆರಾಕ್ಕೆ ಸಿಕ್ಕೀತೆಂಬ ಅಳುಕೂ ಇದೆ. ಆದರೆ ಸ್ಪೀಕರ್ ಪೀಠದ ಮೇಲಿನ ಗ್ಯಾಲರಿಯಲ್ಲಿ ಪತ್ರಕರ್ತರು ಕೂತೇ ಇರುತ್ತಾರೆ. ಯಾರು ಯಾರ ಕಿವಿಯಲ್ಲಿ ಮಾತಾಡಿದರು, ಯಾರು ನಿದ್ದೆ ಹೊಡೆದರು ಎಂದು ಅವರು ಬರೆಯಬಹುದು, ತೋರಿಸುವಂತಿಲ್ಲ. ಪೆನ್ನಿಗಿರುವ ಹಕ್ಕು ಕ್ಯಾಮೆರಾಕ್ಕೆ ಏಕಿಲ್ಲ?

ಕನ್ನಡಿಗರಿಗೆ ಈ ತಕರಾರು ಹೊಸದೇನಲ್ಲ. 2012ರ ಫೆಬ್ರುವರಿಯಲ್ಲಿ ಕರ್ನಾಟಕ ವಿಧಾನಸಭೆಯಲ್ಲಿ ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡಿದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಡಬೇಕಾಯಿತು. ಅದನ್ನು ಹಿಡಿದದ್ದು ಖಾಸಗಿ ವಾಹಿನಿಗಳ ಕ್ಯಾಮೆರಾ. 2019ರ ಅಕ್ಟೋಬರ್‌ನಲ್ಲಿ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ಸದನದಿಂದ ಹೊರಗಿಟ್ಟರು. ವಾಷಿಂಗ್ಟನ್‌ನಲ್ಲಾಗಲಿ ಬೆಂಗಳೂರಲ್ಲಾಗಲಿ, ಅಧಿಕೃತ ಕ್ಯಾಮೆರಾ ಸದಸ್ಯರ ಮೊಬೈಲಿನತ್ತ ತಿರುಗುವುದಿಲ್ಲ.

ಸಂಜೆಯ ಸುದ್ದಿಗಷ್ಟೇ ಸಂಬಂಧಿಸಿದ ವಿಷಯವೂ ಇದಲ್ಲ. ಸಿ-ಸ್ಪ್ಯಾನ್ ಇಂದು ಅಮೆರಿಕದ ಇತಿಹಾಸದ ದೊಡ್ಡ ಕಣಜ. ಲೇಖಕರ ಜತೆ ತಾಸು ಹೊತ್ತು ಮಾತಾಡಿದ 'ಬುಕ್‌ನೋಟ್ಸ್', ವಾರಾಂತ್ಯದ 'ಅಮೆರಿಕನ್ ಹಿಸ್ಟರಿ ಟಿವಿ' ಅದರ ಹೆಮ್ಮೆಗಳು. 1987ರಿಂದ ಅದು ಪ್ರಸಾರ ಮಾಡಿದ ಕಲಾಪ ಅಂತರ್ಜಾಲದ ಭಂಡಾರದಲ್ಲಿ ಯಾರಿಗೂ ಉಚಿತವಾಗಿ ಸಿಗುತ್ತದೆ. ನಾಳೆ ಈ ಕಾಲದ ಚರಿತ್ರೆ ಬರೆಯುವವರು ಅಲ್ಲಿಗೇ ಹೋಗುತ್ತಾರೆ. ಭಾಷಣ ಸಿಗುತ್ತದೆ. ಭಾಷಣ ಕೇಳಲು ಎಷ್ಟು ಜನರಿದ್ದರು, ಮಸೂದೆ ಬೀಳುವ ಹೊತ್ತಿಗೆ ಯಾರು ಯಾರ ಬಳಿ ಹೋಗಿ ಮನವೊಲಿಸಿದರು ಎಂಬುದು ಸಿಗುವುದಿಲ್ಲ.

2023ರಲ್ಲಿ ಸಿ-ಸ್ಪ್ಯಾನ್ ಮೆಕಾರ್ಥಿ ಅವರಿಗೆ ಬರೆದ ಪತ್ರದ ಬೇಡಿಕೆ ಬಹಳ ಚಿಕ್ಕದು: ಸದನದ ಕ್ಯಾಮೆರಾ ತೆಗೆಯುವುದು ಬೇಡ, ಅದರ ಪಕ್ಕದಲ್ಲಿ ನಮ್ಮವು ಕೆಲವು ಇರಲಿ. ಬಂಡಾಯಗಾರ ಗೇಟ್ಸ್ ಕೂಡ ಇದನ್ನು ಬೆಂಬಲಿಸಿದರು. ಕೆಲಸ ಆಗಲಿಲ್ಲ. ಇದಕ್ಕೆ ಸೆನೆಟ್ ಒಪ್ಪಿಗೆ ಬೇಕಿಲ್ಲ, ಅಧ್ಯಕ್ಷರ ಸಹಿ ಬೇಕಿಲ್ಲ. ಪ್ರತಿನಿಧಿ ಸಭೆ ಎರಡು ವರ್ಷಕ್ಕೊಮ್ಮೆ ತನ್ನ ನಿಯಮಗಳನ್ನು ತಾನೇ ಬಹುಮತದಿಂದ ಅಂಗೀಕರಿಸುತ್ತದೆ. ಮುಂದಿನ ಸರದಿ 2027ರ ಜನವರಿ. ಆಗ ಬಹುಮತ ಯಾರ ಕೈಗೇ ಬರಲಿ, ಮತ ಕೇಳಿ ಬರುವ ಪ್ರತಿ ಅಭ್ಯರ್ಥಿಯನ್ನೂ ಮತದಾರರು ಈ ಒಂದು ನಿಯಮದ ಬಗ್ಗೆ ಈಗಲೇ ಕೇಳಿ, ಹೌದು ಅಥವಾ ಇಲ್ಲ ಎಂಬ ಉತ್ತರ ಪಡೆದುಕೊಳ್ಳಬೇಕು.