ಗೋದಲಿಯ ಮುಂದೆ ಒಂದು ಗಳಿಗೆ

ಡಿಸೆಂಬರ್ 24ರ ಬೆಳಗು. ರಾಯಚೂರು ನಿಲ್ದಾಣದಲ್ಲಿ ರೈಲು ನಿಂತೊಡನೆ ಬೆಂಗಳೂರಿನ ಮಗ, ಸೊಸೆ, ಮೊಮ್ಮಕ್ಕಳು ಚೀಲಗಳೊಂದಿಗೆ ಇಳಿಯುತ್ತಾರೆ. ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ 1871ರಲ್ಲಿ ಬಂದು ಕೂಡಿದ್ದು ಈ ಊರಿನಲ್ಲಿಯೇ; ದೂರದವರನ್ನು ಕೂಡಿಸುವ ಕೆಲಸ ಅದಕ್ಕೆ ಹೊಸದಲ್ಲ. ಆದರೆ 26ರ ರಾತ್ರಿ ಮರಳುವ ಟಿಕೆಟ್ಟು ಮಗನ ಬಳಿ ಆಗಲೇ ಸಿದ್ಧವಿರುತ್ತದೆ. ಅಷ್ಟರಲ್ಲಿ ದೇವಾಲಯದ ಆರಾಧನೆ, ಹೊಸ ಬಟ್ಟೆ, ಮಾನ್ವಿಯ ಅತ್ತೆಮನೆ, ದೇವದುರ್ಗದ ಅಕ್ಕನ ಮನೆ, ಎಲ್ಲರ ಭಾವಚಿತ್ರ, ಎಲ್ಲವೂ ಮುಗಿಯಬೇಕು. ವರ್ಷವಿಡೀ ದಾರಿ ಕಾದ ತಾಯಿಯೋ ನಡುರಾತ್ರಿಯವರೆಗೆ ಕರ್ಚಿಕಾಯಿ ಕರಿದು, ಮರುದಿನ ಎಲ್ಲರೂ ಉಂಡೆದ್ದ ಮೇಲೆ ಒಬ್ಬಳೇ ತಟ್ಟೆಯ ಮುಂದೆ ಕೂರುತ್ತಾಳೆ. ಇಂತಹ ಡಿಸೆಂಬರುಗಳು ಆಕೆಯ ಪಾಲಿಗೆ ಇನ್ನೆಷ್ಟು ಉಳಿದಿವೆಯೆಂದು ಲೆಕ್ಕ ಹಾಕುವವರು ವಿರಳ.

ಆದಿಲಶಾಹಿಗಳ ಕಾಲದಿಂದ ಮುದಗಲ್ಲಿನಲ್ಲಿ ಕ್ರೈಸ್ತರು ನೆಲೆಸಿರುವ ಈ ಜಿಲ್ಲೆಗೆ ಕ್ರಿಸ್‌ಮಸ್ ಪರಕೀಯವಲ್ಲ. ಹಬ್ಬದ ಮೂಲಕಥೆಯೂ ಇಲ್ಲಿಯವರಿಗೆ ಬಲು ಹತ್ತಿರದ್ದು. ಔಗುಸ್ತ ಚಕ್ರವರ್ತಿಯ ಜನಗಣತಿಗಾಗಿ ಜನರೆಲ್ಲ ತಮ್ಮ ತಮ್ಮ ಊರಿಗೆ ಹೊರಟಿದ್ದರೆಂದು ಲೂಕನ ಸುವಾರ್ತೆ ಹೇಳುತ್ತದೆ. ತುಂಬು ಗರ್ಭಿಣಿ ಮರಿಯಳೊಡನೆ ಯೋಸೇಫನೂ ಬೇತ್ಲೆಹೇಮಿಗೆ ಬಂದ. ಛತ್ರದಲ್ಲಿ ಸ್ಥಳವಿರಲಿಲ್ಲ, ಕೂಸಿಗೆ ದನಗಳ ಗೋದಲಿಯೇ ತೊಟ್ಟಿಲಾಯಿತು. ಆ ಗದ್ದಲದ ಊರಿನಲ್ಲಿ ಯಾರಿಗೂ ತಿಳಿಯದ ಸುದ್ದಿ ಮೊದಲು ಮುಟ್ಟಿದ್ದು ಹೊರಗೆ ಬಯಲಿನಲ್ಲಿ ಇರುಳೆಲ್ಲ ಕುರಿ ಕಾಯುತ್ತಿದ್ದವರಿಗೆ. ಗೊಬ್ಬರಕ್ಕೆಂದು ಎರೆಹೊಲದಲ್ಲಿ ಹಿಂಡನ್ನು ನಿಲ್ಲಿಸಿ, ಕಂಬಳಿ ಹೊದ್ದು ಎಚ್ಚರವಿರುವ ಕುರುಬರನ್ನು ಕಂಡವರಿಗೆ ಈ ಮಾತಿನ ಅರ್ಥ ಬೇರೆ ಹೇಳಬೇಕೆ? ಬೆಳಗಾಗುವವರೆಗೆ ಅವರು ಎಲ್ಲಿಗೂ ಓಡುವವರಲ್ಲ.

1223ರಲ್ಲಿ ಇಟಲಿಯ ಗ್ರೆಚ್ಚಿಯೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಗೋದಲಿ ಕಟ್ಟಿದಾಗ ಹುಲ್ಲು ತರಿಸಿ, ನಿಜವಾದ ಎತ್ತು ಕತ್ತೆಗಳನ್ನೇ ನಿಲ್ಲಿಸಿದನು. ಇಂದು ಅಂಗಡಿಯ ಸಿದ್ಧ ಗೋದಲಿಯನ್ನು ತಂದು, ಬಣ್ಣದ ದೀಪ ಹೊತ್ತಿಸಿದರೆ ಐದು ನಿಮಿಷದ ಕೆಲಸ. ಅದಕ್ಕಿಂತ, ಹತ್ತು ದಿನ ಮುಂಚಿತವಾಗಿ ಮಣ್ಣಿನ ತಟ್ಟೆಯಲ್ಲಿ ಒಂದು ಹಿಡಿ ಗೋಧಿಯನ್ನೋ ರಾಗಿಯನ್ನೋ ಬಿತ್ತಿ ದಿನವೂ ನೀರು ಚಿಮುಕಿಸುವ ಕೆಲಸವನ್ನು ಮಗುವಿಗೆ ಒಪ್ಪಿಸುವುದು ಲೇಸು. ಹಬ್ಬದ ವೇಳೆಗೆ ಕೂಸಿನ ಸುತ್ತ ಹಸಿರು ಎದ್ದಿರುತ್ತದೆ. ಕ್ರೈಸ್ತ ಪಂಚಾಂಗವೂ ಅವಸರದ್ದಲ್ಲ: ಹಬ್ಬಕ್ಕೆ ಮುನ್ನ ನಾಲ್ಕು ಭಾನುವಾರಗಳ ಆಗಮನ ಕಾಲ, ಅನಂತರ ಜನವರಿ 6ರವರೆಗೆ ಸಂಭ್ರಮದ ದಿನಗಳು. ಮಾನ್ವಿ, ದೇವದುರ್ಗಗಳ ನೆಂಟರನ್ನು ಒಂದೇ ಹಗಲಿನಲ್ಲಿ ಕಂಡು ಮುಗಿಸಬೇಕೆಂಬ ವಿಧಿ ಎಲ್ಲಿಯೂ ಇಲ್ಲ.

ಮಾನ್ವಿಯೆಂದೊಡನೆ ಒಂದು ಹಳೆಯ ಕಥೆ ನೆನಪಾಗುತ್ತದೆ. ಶ್ರೀನಿವಾಸಾಚಾರ್ಯರೆಂಬ ವಿದ್ವಾಂಸರನ್ನು ವಿಜಯದಾಸರು ಊಟಕ್ಕೆ ಕರೆದರಂತೆ. ತಡವಾಗಿ ಉಂಡರೆ ಹೊಟ್ಟೆನೋವು ಬರುವುದೆಂಬ ನೆವ ಹೇಳಿ ಆಚಾರ್ಯರು ಹೋಗಲಿಲ್ಲ. ನೆವವೇ ನಿಜವಾಗಿ ನೋವು ಅಂಟಿಕೊಂಡಿತು. ಕೊನೆಗೆ ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರ ಅನುಗ್ರಹದಿಂದ ಗುಣವಾಗಿ, ಅವರೇ ‘ಹರಿಕಥಾಮೃತಸಾರ’ದ ಜಗನ್ನಾಥದಾಸರಾದರು. ದಾಸರ ಕಥೆಗೂ ಕ್ರಿಸ್‌ಮಸ್ಸಿಗೂ ಏನು ನಂಟೆಂದು ಕೆಲವರು ಹುಬ್ಬೇರಿಸಬಹುದು. ಕರೆದ ಪಂಕ್ತಿಗೆ ಬಾರದಿರುವುದು ಯಾವ ಮತದಲ್ಲಿಯೂ ಸಣ್ಣ ತಪ್ಪಲ್ಲ.

ಹಬ್ಬದ ಮನೆಯಲ್ಲಿ ಆ ಪಂಕ್ತಿಯಿಂದ ಹೊರಗುಳಿಯುವವಳು ಅಡಿಗೆ ಮಾಡಿದ ತಾಯಿಯೇ. 25ರ ಮಧ್ಯಾಹ್ನ ಮಗನೊಬ್ಬ ಆಕೆಗೂ ತಟ್ಟೆ ಹಾಕಿ, “ಅವ್ವ, ನೀನೂ ಕೂಡು ಬಾ, ನಾವೇ ನೀಡ್ಕೋತೀವಿ” ಎಂದರೆ ಆಕೆ ಒಮ್ಮೆಲೇ ಒಪ್ಪುವಳೆಂದಲ್ಲ. “ಒಲೆ ಮ್ಯಾಲೆ ಸಾರು ಅದ,” ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತೇ ಇರುತ್ತಾಳೆ. ಮೊಮ್ಮಗಳು ಎದ್ದು ಹೋಗಿ ಒಲೆ ಆರಿಸಿ ಬರುತ್ತಾಳೆ.