ಗಣಿಗಿಳಿದವರು ನಾವು, ಕಡಲು ದಾಟಿದವರು ಅವರು

ತುಮಕೂರು, ಗುಬ್ಬಿ, ಕುಣಿಗಲ್ ಹಾಸ್ಟೆಲುಗಳ ಗೆಳೆಯರೇ,

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ನಿಂತಿದೆ. 2016ರಲ್ಲಿ ಅಡಿಗಲ್ಲು, 2023ರ ಫೆಬ್ರವರಿ 6ರಂದು ಉದ್ಘಾಟನೆ. ಅಲ್ಲಿನ ಹಗುರ ಹೆಲಿಕಾಪ್ಟರಿನ ‘ಶಕ್ತಿ’ ಎಂಜಿನ್ನು ಭಾರತ, ಫ್ರಾನ್ಸ್ ಎರಡೂ ದೇಶದ ತಜ್ಞರು ಕೂಡಿ ರೂಪಿಸಿದ್ದು. ಇದಕ್ಕೆ ದೊಡ್ಡವರು ‘ವೈಜ್ಞಾನಿಕ ಸಹಕಾರ’ ಅಂತಾರೆ. ಒಳ್ಳೆಯದೇ. ನಾವು ಕೇಳೋದು ಒಂದೇ ಮಾತು: ಈ ಸಹಕಾರದಲ್ಲಿ ನಾವೆಲ್ಲಿದ್ದೇವೆ? ಗುಬ್ಬಿ ಕೇರಿಯ ಹುಡುಗ ಆ ಗೇಟಿನೊಳಗೆ ಹೋಗೋದು ನಕ್ಷೆ ಬರೆಯೋಕಾ, ನೆಲ ಗುಡಿಸೋಕಾ?

ಇದು ಇವತ್ತಿನ ಪ್ರಶ್ನೆಯಲ್ಲ. ಕೋಲಾರದ ಚಿನ್ನದ ಗಣಿಯನ್ನು ನೆನೆಯಿರಿ. ಅಲ್ಲಿ ಬಂಡೆ ಕೊರೆದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತರು. ಮೈಲಿಗೂ ಹೆಚ್ಚು ಆಳ, ಸುಡುವ ಬಂಡೆ, ಎದೆಗೂಡು ಸೇರುವ ಕಲ್ಲಿನ ಧೂಳು. ಸಿಲಿಕೋಸಿಸ್ ಹಿಡಿದು ಕೆಮ್ಮಿ ಕೆಮ್ಮಿ ಸತ್ತವರೆಷ್ಟೋ.

ಅದೇ ಗಣಿಯಲ್ಲಿ 1965ರಲ್ಲಿ ಜಗತ್ತೇ ತಿರುಗಿ ನೋಡುವ ಕೆಲಸ ನಡೆಯಿತು. ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಕೂಡಿ ಚಾಂಪಿಯನ್ ರೀಫ್ ಗಣಿಯಲ್ಲಿ 7,500 ಅಡಿ ಕೆಳಗೆ ಯಂತ್ರ ಇಟ್ಟರು. ಆಕಾಶದಿಂದ ಸುರಿಯುವ ಬೇರೆ ಕಣಗಳನ್ನು ಮೇಲಿನ ಬಂಡೆ ತಡೆಯುತ್ತದೆ. ನ್ಯೂಟ್ರಿನೋ ಮಾತ್ರ ಭೂಮಿಯನ್ನೇ ತೂರಿ ಬರುತ್ತದೆ. ವಾತಾವರಣದಲ್ಲಿ ಹುಟ್ಟುವ ಆ ನ್ಯೂಟ್ರಿನೋದ ಗುರುತನ್ನು ಜಗತ್ತಿನಲ್ಲಿ ಮೊದಲು ಹಿಡಿದವರಲ್ಲಿ ಇವರೂ ಸೇರಿದರು. 1980ರ ದಶಕದಲ್ಲಿ ಭಾರತ, ಜಪಾನ್ ಎರಡೇ ದೇಶ ಸೇರಿ 140 ಟನ್ ಕಬ್ಬಿಣದ ಯಂತ್ರ ಕೂರಿಸಿ, ಪ್ರೋಟಾನ್ ಅಳಿಯುತ್ತದೆಯೇ ಎಂದು ಹುಡುಕಿದವು.

1965ರ ಪ್ರಬಂಧಕ್ಕೆ ವಿಜ್ಞಾನಿಗಳ ಹೆಸರುಗಳಿವೆ. ಇರಲಿ, ಅವರು ದುಡಿದವರೇ. ವಿಜ್ಞಾನಿಗಳನ್ನು ಬೈಯೋಕೆ ಇದನ್ನು ಬರೆಯುತ್ತಿಲ್ಲ. ಆದರೆ ಆ ಆಳಕ್ಕೆ ದಾರಿ ಕೊರೆದವರು ಯಾರು? ಆ ದಾರಿಯಿಲ್ಲದೆ ಒಸಾಕಾದವರು ಕೋಲಾರಕ್ಕೆ ಯಾಕೆ ಬರಬೇಕಿತ್ತು?

ಮುಂದೇನಾಯ್ತು ನೋಡಿ. ಜಪಾನಿನವರು ತಮ್ಮ ಕಾಮಿಯೋಕ ಗಣಿಯಲ್ಲಿ ಇದೇ ಬಗೆಯ ಕೆಲಸ ಬೆಳೆಸಿದರು. 2002ರಲ್ಲಿ ಕೋಶಿಬಾ ಅವರಿಗೆ, 2015ರಲ್ಲಿ ಕಾಜಿತಾ ಅವರಿಗೆ ನೊಬೆಲ್ ಬಂತು. ನಮ್ಮಲ್ಲಿ 2001ರ ಫೆಬ್ರವರಿ 28ರಂದು ಗಣಿಗೆ ಬೀಗ. ಗಣಿಯವರ ಮಕ್ಕಳು ಬೆಳಗಾಗುವ ಮೊದಲೇ ಬೆಂಗಳೂರಿನ ರೈಲು ಹತ್ತಿ ಕೂಲಿಗೆ ಹೊರಟರು. ಕಣ ಭೂಮಿ ದಾಟಿತು, ಕೂಲಿಯವನ ಮಗ ಪ್ರಯೋಗಾಲಯದ ಹೊಸಿಲು ದಾಟಲಿಲ್ಲ.

ಹೊಸಿಲು ದಾಟಿಸುವುದು ಯಾವುದು? ಬಾಬಾಸಾಹೇಬರನ್ನು ಕೇಳಿ. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಅವರನ್ನು ಅಮೆರಿಕಾದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಮುಟ್ಟಿಸಿತು. 1916ರ ಮೇ 9ರಂದು ಅಲ್ಲಿ ಅವರು ಓದಿದ ಪ್ರಬಂಧ ಭಾರತದ ಜಾತಿಗಳ ಮೇಲೆ. ಜಾತಿ ಹುಟ್ಟಿದ್ದು ಹೇಗೆ ಎಂದು ಕಡಲಾಚೆ ನಿಂತು, ಅಂಜದೆ, ಲೆಕ್ಕ ಕೇಳಿದರು.

ಈಗ ಕೇಂದ್ರ ಸರ್ಕಾರದ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. 1954-55ರಿಂದ ನಡೆದು ಬಂದದ್ದು. 2022ರ ಫೆಬ್ರವರಿಯಲ್ಲಿ ಅದಕ್ಕೆ ಹೊಸ ನಿಯಮ ತಂದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಮೇಲೆ ಹೊರದೇಶದಲ್ಲಿ ಓದಲು ಈ ಹಣ ಇಲ್ಲ! ಅದಕ್ಕೆಲ್ಲಾ ಇಲ್ಲೇ ಪುಸ್ತಕ, ಪಂಡಿತರು ಇದ್ದಾರಂತೆ. ಯಾವ ಪಂಡಿತರು ಸ್ವಾಮಿ? ನಮ್ಮನ್ನು ಬಾವಿಕಟ್ಟೆಯಿಂದ ಅಟ್ಟಿದವರ ಮೊಮ್ಮಕ್ಕಳೇ? 1916ರಲ್ಲಿ ಈ ನಿಯಮ ಇದ್ದಿದ್ದರೆ ಅಂಬೇಡ್ಕರ್ ಅವರ ಅರ್ಜಿಯೇ ತಿರಸ್ಕಾರ! 2025ರ ಜುಲೈನಲ್ಲಿ ಇನ್ನೊಂದು ಆಟ. ಆಯ್ಕೆಯಾದ 106 ಮಂದಿಯಲ್ಲಿ ಮೊದಲ ಸುತ್ತಿಗೆ ಪತ್ರ ಸಿಕ್ಕಿದ್ದು 40 ಜನಕ್ಕೆ. ಉಳಿದವರಿಗೆ ಆಗ ಬಂದ ಉತ್ತರ, ಹಣ ಬಂದರೆ ನೋಡೋಣ. ಹೆಲಿಕಾಪ್ಟರಿಗೆ ಹಣ ಇದೆ, ಹೊಲೆಮಾದಿಗರ ಮಕ್ಕಳ ವಿಮಾನದ ಟಿಕೆಟಿಗೆ ಇಲ್ಲ.

ಗೆಳೆಯರೇ, ವಿಜ್ಞಾನ ನಮ್ಮ ವೈರಿಯಲ್ಲ. ಪ್ರಶ್ನೆ ಕೇಳುವುದನ್ನು ಕಲಿಸುವ ವಿಜ್ಞಾನ ಪುರೋಹಿತಶಾಹಿಯ ವೈರಿ. ಅದನ್ನು ಕೈಬಿಡಬೇಡಿ. ಆದರೆ ಭೌತಶಾಸ್ತ್ರ ಓದು, ಜಾತಿ ಬಗ್ಗೆ ಬಾಯಿ ಮುಚ್ಚು ಅನ್ನುವವರ ಮಾತಿಗೆ ತಲೆ ಆಡಿಸಬೇಡಿ. ಎರಡೂ ನಮ್ಮದು. ಕಣವನ್ನೂ ಅಳೆಯೋಣ, ಕೇರಿಯನ್ನೂ ಅಳೆಯೋಣ.

ನಮ್ಮ ಕೂಗು ಮೂರೇ. ವಿಷಯದ ಮೇಲಿನ ನಿರ್ಬಂಧ ತೆಗೆಯಿರಿ. ಆಯ್ಕೆಯಾದವರಿಗೆಲ್ಲ ಸಕಾಲಕ್ಕೆ ಹಣ ಕೊಡಿ. ಅರ್ಜಿಯ ಪ್ರಕಟಣೆ ಕನ್ನಡದಲ್ಲಿ ಪ್ರತಿ ಹಾಸ್ಟೆಲಿನ ಬೋರ್ಡಿಗೆ ಬರಲಿ.

ಬರುವ ತನಕ ಸುಮ್ಮನೆ ಕೂರಬೇಡಿ. ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ರೂಮಿನಲ್ಲಿ ಇದನ್ನು ಜೋರಾಗಿ ಓದಿ. ಬಿ.ಎಸ್ಸಿ. ಕೊನೆ ವರ್ಷದವರು ಎಷ್ಟು ಜನ, ಎಂ.ಎಸ್ಸಿ.ಗೆ ಹೋಗುವವರು ಎಷ್ಟು ಜನ, ಪಟ್ಟಿ ಮಾಡಿ. ಒಬ್ಬನ ಅರ್ಜಿಯನ್ನು ಹತ್ತು ಜನ ಕೂತು ತುಂಬಿ. ಗಣಿಗಿಳಿಯುವಾಗ ನಮ್ಮವರು ಒಬ್ಬೊಬ್ಬರೇ ಇಳಿಯಲಿಲ್ಲ. ಮೇಲೆ ಬರುವಾಗಲೂ ಒಟ್ಟಿಗೇ ಬರೋಣ.

ಜೈ ಭೀಮ್!