ಗ್ರಂಥವೂ ಒಂದು ನ್ಯಾಸ

ಅಮೆರಿಕದ ಅಲಬಾಮಾ ರಾಜ್ಯದ ನ್ಯೂಸೌತ್ ಬುಕ್ಸ್ ಎಂಬ ಪ್ರಕಾಶನ ಸಂಸ್ಥೆಯು 2011ರಲ್ಲಿ ಮಾರ್ಕ್ ಟ್ವೇನನ ಎರಡು ಕಾದಂಬರಿಗಳನ್ನು ಒಂದೇ ಸಂಪುಟವಾಗಿ ಹೊರತಂದಿತು. ಅವುಗಳಲ್ಲೊಂದಾದ 'ಹಕಲ್‌ಬರಿ ಫಿನ್' ಕಾದಂಬರಿಯಲ್ಲಿ ಆಫ್ರಿಕಾ ಮೂಲದ ಜನರನ್ನು ಹೀನೈಸುವ ಪದವೊಂದು 219 ಬಾರಿ ಬರುತ್ತದೆ. ಸಂಪಾದಕರಾದ ಪ್ರಾಧ್ಯಾಪಕ ಅಲನ್ ಗ್ರಿಬೆನ್ ಅದನ್ನು ತೆಗೆದು, 'ಗುಲಾಮ' ಎಂಬ ಅರ್ಥದ ಪದವನ್ನಿರಿಸಿದರು. ಆ ಒಂದು ಪದದ ದೆಸೆಯಿಂದ ಶಾಲೆಗಳು ಕಾದಂಬರಿಯನ್ನೇ ಕೈಬಿಡುತ್ತಿವೆ, ಪದ ಹೋದರೆ ಪುಸ್ತಕ ಉಳಿದೀತು ಎಂಬುದು ಅವರ ಸಮರ್ಥನೆಯಾಗಿತ್ತು.

ಈ ಉದ್ದೇಶವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಚಾಟಿಯೇಟು, ಹರಾಜುಕಟ್ಟೆ ಮತ್ತು ಗುಂಪುಹತ್ಯೆಗಳ ನೆನಪನ್ನು ಹೊತ್ತ ಪದ ಅದು. ತರಗತಿಯಲ್ಲಿ ಒಬ್ಬನೇ ಕಪ್ಪು ಬಾಲಕ ಕುಳಿತಿರುವಾಗ ಉಳಿದವರು ಅದನ್ನು ಗಟ್ಟಿಯಾಗಿ ಓದಿದರೆ ಆತನಿಗಾಗುವ ನೋವು ಕಲ್ಪಿತವಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಆ ನೋವಿನ ಕಡೆಗೆ ಬೆನ್ನುಮಾಡಲಾರರು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳ ಮಕ್ಕಳೂ ಅಂಥ ಶಾಲೆಗಳಲ್ಲಿಯೇ ಓದುತ್ತಿರುವುದರಿಂದ ಈ ಪ್ರಶ್ನೆ ಪರದೇಶದ್ದೆಂದು ಬದಿಗಿಡುವಂಥದೂ ಅಲ್ಲ.

ಆದರೆ ಪದವನ್ನು ತೆಗೆದಾಗ ಏನು ಉಳಿಯುತ್ತದೆ? ಕಾದಂಬರಿಯ ಒಂದು ಪ್ರಸಂಗದಲ್ಲಿ ಬಾಲಕ ಹಕ್, ಹಬೆಹಡಗಿನಲ್ಲಿ ಆಸ್ಫೋಟವಾಯಿತೆಂದು ಕಟ್ಟುಕಥೆ ಹೇಳುತ್ತಾನೆ. ಯಾರಿಗಾದರೂ ಪೆಟ್ಟಾಯಿತೇ ಎಂದು ಸುಶೀಲೆಯಾದ ಗೃಹಿಣಿಯೊಬ್ಬಳು ಕೇಳುತ್ತಾಳೆ. ಯಾರಿಗೂ ಇಲ್ಲ, ಒಬ್ಬ ಕರಿಯ ಸತ್ತನೆಂದು ಆತ ಆ ಹೀನಪದವನ್ನೇ ಬಳಸಿ ಉತ್ತರಿಸುತ್ತಾನೆ. ಸದ್ಯ, ಕೆಲವೊಮ್ಮೆ ಜನರಿಗೆ ಪೆಟ್ಟಾಗುವುದುಂಟು ಎಂದು ಆಕೆ ಸಮಾಧಾನಪಡುತ್ತಾಳೆ. ದೇವಭೀರುಗಳ ಮನೆಯಲ್ಲಿ ಒಂದು ಜನಾಂಗವನ್ನು ಮನುಷ್ಯರ ಲೆಕ್ಕದಿಂದಲೇ ಹೊರಗಿಟ್ಟಿದ್ದ ಬಗೆಯನ್ನು ಆ ಒಂದು ಪದವು ಬಯಲುಮಾಡುತ್ತದೆ. ಇನ್ನೊಂದೆಡೆ ಹಕ್‌ನ ಕುಡುಕ ತಂದೆ, ಓಹಾಯೋದಿಂದ ಬಂದ ಸ್ವತಂತ್ರನೂ ವಿದ್ವಾಂಸನೂ ಆದ ಕಪ್ಪು ಪ್ರಾಧ್ಯಾಪಕನೊಬ್ಬನನ್ನು ಅದೇ ಪದದಿಂದ ಹಳಿಯುತ್ತಾನೆ. ಸ್ವತಂತ್ರನಾದವನಿಗೆ 'ಗುಲಾಮ' ಎಂಬ ಪದ ಹೊಂದುವುದೆಂತು? ಗುಲಾಮಗಿರಿ ಕಾನೂನಿನ ಬಂಧನ. ಆ ಪದ ಮನಸ್ಸಿನ ತಿರಸ್ಕಾರ. ಬಂಧನ ಕಳಚಿದ ಮೇಲೆಯೂ ತಿರಸ್ಕಾರ ಉಳಿಯಿತೆಂಬುದೇ ಅಮೆರಿಕದ ದುರಂತ. ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟ ಪುಸ್ತಕ ಆ ದುರಂತವನ್ನು ಮರೆಮಾಚುತ್ತದೆ.

ಇಲ್ಲಿ ಜೈನಾಚಾರದಿಂದಲೇ ಒಂದು ಪ್ರಬಲ ಆಕ್ಷೇಪ ಏಳುತ್ತದೆ. ಪ್ರಾಣಿಗಳಿಗೆ ಪೀಡೆಯುಂಟುಮಾಡುವ ಮಾತು ಯಥಾರ್ಥವಾದರೂ ಅಸತ್ಯವೇ ಎಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಹಾಗಿದ್ದಲ್ಲಿ ನೋಯಿಸುವ ಪದವನ್ನು ಕಿತ್ತೊಗೆಯುವುದೇ ಸತ್ಯವ್ರತವಲ್ಲವೇ? ಅಲ್ಲ. ಅಸತ್ಯದ ಮೂಲ ಪ್ರಮಾದದಲ್ಲಿದೆ, ನುಡಿಯುವವನ ಅಜಾಗರೂಕತೆಯಲ್ಲಿದೆ. ಹಿಂದುಮುಂದು ಹೇಳದೆ, ಎದುರಿಗಿರುವ ಮಗುವಿನ ಮುಖವನ್ನು ನೋಡದೆ ಆ ಪುಟವನ್ನು ಓದಿಸುವ ಅಧ್ಯಾಪಕ ಪ್ರಮತ್ತನೇ ಸರಿ. ಆತನಿಗೆ ಬೇಕಾದುದು ಭಾಷಾಸಮಿತಿ. ಪದವನ್ನು ಉಚ್ಚರಿಸದೆ ಮೌನವಾಗಿ ಓದಿಸಬಹುದು. ಅದರ ಇತಿಹಾಸವನ್ನು ಮೊದಲೇ ತಿಳಿಸಬಹುದು. ಎಳೆಯರಿಗೆ ಆ ಪುಸ್ತಕವನ್ನು ಕೊಡದೆಯೂ ಇರಬಹುದು. ಇವೆಲ್ಲ ಬದುಕಿರುವವರು ತಮ್ಮ ನಾಲಗೆಗೆ ಹಾಕಿಕೊಳ್ಳುವ ಕಟ್ಟುಗಳು. ಗತಿಸಿದವನ ಬರಹಕ್ಕೆ ಕತ್ತರಿ ಹಾಕುವುದರಿಂದ ಅಧ್ಯಾಪಕನ ಪ್ರಮಾದ ನೀಗುವುದಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಕೂಟಲೇಖಕ್ರಿಯೆ ಅವುಗಳಲ್ಲೊಂದು: ಒಬ್ಬನು ಹೇಳದೆ ಇದ್ದುದನ್ನು ಅವನೇ ಹೇಳಿದನೆಂದು ಬರೆದಿಡುವುದು. ನ್ಯಾಸಾಪಹಾರ ಮತ್ತೊಂದು, ಅದರ ವಿವರಣೆ ಅತ್ಯಂತ ಸೂಕ್ಷ್ಮ. ಒಡವೆಯನ್ನು ನ್ಯಾಸವಾಗಿ ಇಟ್ಟವನು ಎಣಿಕೆ ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು 'ಹೌದು, ಅಷ್ಟೇ' ಎಂದು ಒಪ್ಪಿ ಅಷ್ಟನ್ನೇ ಹಿಂದಿರುಗಿಸುತ್ತಾನೆ. ಇಲ್ಲಿ ಬಲಾತ್ಕಾರವಿಲ್ಲ, ಮರೆವಿನ ಲಾಭ ಪಡೆಯುವುದಷ್ಟೇ ಇದೆ. ಅಭಿಜಾತ ಗ್ರಂಥವೂ ಮುಂದಿನವರಿಗಾಗಿ ಇಟ್ಟ ನ್ಯಾಸ. ಅದರಲ್ಲಿ ಎಷ್ಟಿತ್ತೆಂದು ಮುಂದಿನ ಪೀಳಿಗೆ ಅರಿಯದು. ತಿದ್ದಿದ ಪ್ರತಿಯನ್ನು ಮೂಲ ಲೇಖಕನ ಹೆಸರಿನಲ್ಲಿಯೇ ಅದರ ಕೈಗಿತ್ತು 'ಇದೇ ಅದು' ಎನ್ನುವವನು ಈ ಎರಡು ಅತಿಚಾರಗಳಿಗೂ ಬಾಧ್ಯನಾಗುತ್ತಾನೆ. ಗ್ರಿಬೆನ್ ತಮ್ಮ ಬದಲಾವಣೆಯನ್ನು ಬಹಿರಂಗವಾಗಿ ಹೇಳಿದರೆಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆದರೆ ಮುನ್ನುಡಿಯನ್ನು ಓದದ ವಿದ್ಯಾರ್ಥಿಯ ಪಾಲಿಗೆ 'ಗುಲಾಮ' ಎಂಬುದು ಟ್ವೇನನ ಮಾತಾಗಿಯೇ ಉಳಿಯುತ್ತದೆ.

ಹಾಗೆಂದು ಯಾವ ತಿದ್ದುಪಡಿಯೂ ಸಲ್ಲದೆಂದಲ್ಲ. ರೋಲ್ಡ್ ಡಾಲ್‌ನ 'ಚಾರ್ಲಿ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ' 1964ರಲ್ಲಿ ಪ್ರಕಟವಾದಾಗ ಕಾರ್ಖಾನೆಯ ಕೆಲಸಗಾರರು ಆಫ್ರಿಕಾದಿಂದ ತಂದ ಕುಳ್ಳರಾಗಿದ್ದರು. ಕಪ್ಪು ಜನರ ಪ್ರತಿಭಟನೆಯ ಬಳಿಕ 1973ರ ಆವೃತ್ತಿಯಲ್ಲಿ ಲೇಖಕನೇ ಅವರ ಚಿತ್ರಣವನ್ನು ಬದಲಿಸಿದನು. ಇದು ಪ್ರತಿಕ್ರಮಣಕ್ಕೆ ಸಮಾನ. ದೋಷ ಮಾಡಿದವನೇ ಹಿಂದಿರುಗಿ ನೋಡಿದನು. ಡಾಲ್ 1990ರಲ್ಲಿ ತೀರಿಕೊಂಡ ನಂತರ, ಆತನ ಮಕ್ಕಳ ಪುಸ್ತಕಗಳಲ್ಲಿ ಪ್ರಕಾಶಕರು ನೂರಾರು ಕಡೆ ಕೈಯಾಡಿಸಿದ ಸಂಗತಿ 2023ರಲ್ಲಿ ಹೊರಬಿದ್ದಿತು. ತೀವ್ರ ವಿರೋಧ ವ್ಯಕ್ತವಾದ ಮೇಲೆ ಮೂಲಪಾಠವನ್ನೂ ಪ್ರತ್ಯೇಕವಾಗಿ ಮುದ್ರಿಸುವುದಾಗಿ ಅವರು ಪ್ರಕಟಿಸಿದರು. ಒಬ್ಬನ ಪ್ರತಿಕ್ರಮಣವನ್ನು ಮತ್ತೊಬ್ಬ ಮಾಡಲಾಗದು. ಸತ್ತವನ ಪರವಾಗಿಯಂತೂ ಸರ್ವಥಾ ಆಗದು.

ಕತ್ತರಿ ಹಿಡಿದ ಕೈ ಕಾಲಕಾಲಕ್ಕೆ ಬದಲಾಗುತ್ತದೆಂಬುದನ್ನೂ ಮರೆಯಬಾರದು. ಇದೇ 'ಹಕಲ್‌ಬರಿ ಫಿನ್' ಕಾದಂಬರಿಯನ್ನು 1885ರಲ್ಲಿ ಮ್ಯಾಸಚುಸೆಟ್ಸ್‌ನ ಕಾಂಕರ್ಡ್ ಗ್ರಂಥಾಲಯವು ಹೊರಗಿಟ್ಟಿತು. ಆಗ ಅದಕ್ಕೆ ಕಂಡ ದೋಷ ಜನಾಂಗನಿಂದೆಯಲ್ಲ. ಪುಸ್ತಕ ಒರಟು, ಅಸಭ್ಯ ಎಂಬುದು. ಒಂದು ಪೀಳಿಗೆಯ ಸದಭಿರುಚಿಗೆ ತಿದ್ದುವ ಅಧಿಕಾರ ಕೊಟ್ಟರೆ ಮುಂದಿನ ಪೀಳಿಗೆಗೂ ಕೊಟ್ಟಂತೆಯೇ.

ನಿಂದೆಗೆ ಗುರಿಯಾಗದವರಿಗೆ ಈ ವಾದ ಸುಲಭವೆಂದು ಯಾರಾದರೂ ಹೇಳಬಹುದು. ಜೈನರಿಗೆ ಆ ಮಾತು ಅನ್ವಯಿಸದು. ತಮಿಳಿನ ತೇವಾರದಲ್ಲಿ ಏಳನೆಯ ಶತಮಾನದ ಸಂಬಂದರ್ ಹಾಡಿದ ಪದಿಗಗಳ ಹತ್ತನೆಯ ಪದ್ಯವು ಸಾಮಾನ್ಯವಾಗಿ ಶ್ರಮಣರನ್ನೂ ಬೌದ್ಧರನ್ನೂ ಹಳಿಯಲೆಂದೇ ಮೀಸಲು. ಆ ಪದ್ಯಗಳು ಇಂದಿಗೂ ನೋಯಿಸುತ್ತವೆ. ಆದರೆ ಅವನ್ನು ಕಿತ್ತುಹಾಕಿದರೆ ನಷ್ಟ ಯಾರಿಗೆ? ತಮಿಳುನಾಡಿನಲ್ಲಿ ಶ್ರಮಣಸಂಘ ಎಷ್ಟು ಪ್ರಬಲವಾಗಿತ್ತು, ಎಂಥ ವಿರೋಧವನ್ನು ಎದುರಿಸಿತು ಎಂಬುದಕ್ಕೆ ಎದುರಾಳಿಯೇ ನುಡಿದ ಸಾಕ್ಷ್ಯ ಅಳಿಸಿಹೋಗುತ್ತದೆ. ನಿಂದೆಯ ದಾಖಲೆ ನಿಂದಿತನ ಆಸ್ತಿಯೂ ಹೌದು. ಅಂತೆಯೇ ಕನ್ನಡದ ಬ್ರಹ್ಮಶಿವ ಕವಿಯು ಸಮಯಪರೀಕ್ಷೆಯಲ್ಲಿ ಅನ್ಯಮತಗಳನ್ನು ಕಟುವಾಗಿ ಹಳಿದಿದ್ದಾನೆ. ಆ ಗ್ರಂಥವನ್ನು ಮರುಮುದ್ರಿಸುವವರು ನೆರೆಯವರ ಮುಂದೆ ಮುಜುಗರವಾದೀತೆಂದು ಪದ್ಯಗಳನ್ನು ಮೆಲ್ಲನೆ ಕೈಬಿಟ್ಟರೆ ಅದೂ ನ್ಯಾಸಾಪಹಾರವೇ. ತನ್ನವರ ಕಟುನುಡಿಯನ್ನು ಅಡಗಿಸಿ ಪರರ ಕಟುನುಡಿಯನ್ನು ಎತ್ತಿ ತೋರುವುದು ಅನೇಕಾಂತದ ಮಾರ್ಗವಲ್ಲ.

ಸರಿಯಾದ ಮಾರ್ಗಕ್ಕೆ ಜೈನ ವಿದ್ವತ್ಪರಂಪರೆಯಲ್ಲಿಯೇ ಉದಾಹರಣೆಯುಂಟು. ಷಟ್ಖಂಡಾಗಮದ ಧವಲಾಟೀಕೆಯ ಪ್ರಥಮ ಸಂಪುಟವನ್ನು ಡಾ. ಹೀರಾಲಾಲ್ ಜೈನರು 1939ರಲ್ಲಿ ಪ್ರಕಟಿಸಿದಾಗ, 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಇರಬೇಕಿತ್ತೆಂದು ಅವರಿಗೆ ತೋರಿತು. ಕೈಯಲ್ಲಿದ್ದ ಪ್ರತಿಗಳಲ್ಲಿ ಅದಿರಲಿಲ್ಲ. ಸ್ತ್ರೀಯರ ಸಂಯಮದ ಪ್ರಶ್ನೆಯನ್ನೇ ಒಳಗೊಂಡ ಪದವದು. ಅವರು ಅದನ್ನು ಸೂತ್ರದೊಳಗೆ ತುರುಕಲಿಲ್ಲ. ತಮ್ಮ ಅಭಿಪ್ರಾಯವನ್ನು ಅಡಿಟಿಪ್ಪಣಿಯಲ್ಲಿಟ್ಟರು. ವಿವಾದ ಭುಗಿಲೆದ್ದಿತು. ಮುಂದೆ ಮೂಡಬಿದಿರೆಯ ತಾಡವಾಲೆಗಳನ್ನು ಪರಿಶೀಲಿಸಿದಾಗ ಆ ಪದ ಅಲ್ಲಿ ಕಂಡುಬಂದಿತು. ಓಲೆಗಳನ್ನು ಶತಮಾನಗಳ ಕಾಲ ತಿದ್ದದೆ ಕಾಪಾಡಿದ್ದರಿಂದಲೇ ಸಂದೇಹಕ್ಕೆ ಉತ್ತರ ಕೇಳಲು ಒಂದು ಸ್ಥಳವಿತ್ತು.

ಪಾಠ ಮೇಲೆ, ವಿಮರ್ಶೆ ಕೆಳಗೆ, ಇದೇ ಸಂಪಾದಕಧರ್ಮ. ನೋಯಿಸುವ ಪದವಿದ್ದಲ್ಲಿ ಅದರ ಕ್ರೌರ್ಯವನ್ನು ನಿಸ್ಸಂಕೋಚವಾಗಿ ಹೇಳುವ ಟಿಪ್ಪಣಿಯಿರಲಿ. ಮಕ್ಕಳಿಗೆ ಬೇರೆ ಕಥನ ಬೇಕಾದರೆ ಪುನಃಕಥನಕಾರ ತನ್ನ ಹೆಸರಿನಲ್ಲಿಯೇ ಬರೆಯಲಿ. ಬಸದಿಯ ಭಂಡಾರದಲ್ಲಿರುವ ಓಲೆಗಳನ್ನು ಅಚ್ಚುಹಾಕಿಸುವ ನ್ಯಾಸಮಂಡಳಿಗಳು, ಒಂದಕ್ಷರ ಬದಲಿಸಿದರೂ ಎಲ್ಲಿ, ಏಕೆ, ಯಾರು ಬದಲಿಸಿದರೆಂದು ಅದೇ ಪುಟದಲ್ಲಿ ಮುದ್ರಿಸುವ ನಿಯಮವನ್ನು ಮಾಡಿಕೊಳ್ಳಲಿ. ಮನೆಗಳಲ್ಲಿ ತಂದೆತಾಯಿಯರು ಕಠಿಣವಾದ ಪುಟವನ್ನು ಮಕ್ಕಳೊಡನೆ ಕುಳಿತು ಓದಲಿ. ಇಂಥ ಮಾತು ಯಾರ ಬಾಯಿಂದ, ಯಾರ ಮೇಲೆ, ಏಕೆ ಬಂದಿತೆಂದು ವಿವರಿಸಲಿ. ಹಳೆಯ ಪುಸ್ತಕದ ಬೈಗುಳವನ್ನು ಅಳಿಸುವ ಶ್ರದ್ಧೆಯ ಅರ್ಧದಷ್ಟನ್ನು ಇಂದಿನ ನಾಲಗೆಯ ಬೈಗುಳವನ್ನು ತಡೆಯಲು ವಿನಿಯೋಗಿಸಿದರೆ, ಅಹಿಂಸೆಯೂ ಸತ್ಯವೂ ಒಟ್ಟಿಗೆ ಉಳಿದಾವು.